ಅವರೆಕಾಳಿನ ಬಾಯಿ

ಬೇರೆ ತಾಯಂದಿರು ದೇವರಲ್ಲಿ ಮಕ್ಕಳಿಗೆ ಒಳ್ಳೆ ಮಾರ್ಕ್ಸ್ ಬೇಡುತ್ತಾರೆ. ನಾನು ಬೇಡುತ್ತಿದ್ದದ್ದು ಅದಕ್ಕಿಂತ ಕಡಿಮೆ: "ಗಣಪ್ಪಾ, ಇವತ್ತು ಯಾವ ಮಿಸ್ಸೂ ನನ್ನ ಮಗಳನ್ನು ಎಬ್ಬಿಸಿ ಪ್ರಶ್ನೆ ಕೇಳದಿರಲಿ." ದೊಡ್ಡ ಗಣೇಶನಿಗೆ ಗರಿಕೆ ಕೊಟ್ಟು ಪ್ರದಕ್ಷಿಣೆ ಬರುವಾಗ, ಅಷ್ಟು ದೊಡ್ಡವನ ಮುಂದೆ ಇಷ್ಟು ಚಿಕ್ಕ ಅರ್ಜಿ ಇಡುತ್ತಿದ್ದೇನಲ್ಲ ಎಂದು ನನಗೇ ನಾಚಿಕೆಯಾಗುತ್ತಿತ್ತು. ಅವನು ಮಾತ್ರ ಬೇಸರಿಸದೆ ಬಹಳ ದಿನ ನಡೆಸಿಕೊಟ್ಟ.

ನನ್ನ ಮಗಳು ಭೂಮಿಕಾ ಈಗ ಏಳನೇ ಕ್ಲಾಸು. ಹಿಂದಿನ ವರ್ಷದವರೆಗೆ ಅವಳ ಮಾತು ಗಾಂಧಿಬಜಾರಿನ ಹೂವಿನವರಿಗೂ ಕೇಳುತ್ತಿತ್ತು. ಆಗ ಒಂದು ದಿನ ವಿಜ್ಞಾನದ ಪಾಠದಲ್ಲಿ, ರಾತ್ರಿ ಯಾಕೆ ಕತ್ತಲಾಗುತ್ತದೆ ಎಂದು ಕೇಳಿದ್ದಕ್ಕೆ, "ಎಲ್ಲರ ನೆರಳೂ ಒಟ್ಟಿಗೆ ಸೇರ್ಕೊಳತ್ತೆ" ಎಂದಳಂತೆ. ಕ್ಲಾಸೆಲ್ಲ ನಕ್ಕಿತು. ಟೀಚರು "ನೆಕ್ಸ್ಟ್" ಎಂದು ಪಕ್ಕದವಳನ್ನು ಎಬ್ಬಿಸಿದರು. ಅವರನ್ನು ನಾನು ದೂರುವುದಿಲ್ಲ. ಅಷ್ಟೊಂದು ಮಕ್ಕಳು, ಮುಗಿಸಬೇಕಾದ ಪಾಠ, ಮೇಲೆ ಗಂಟೆ ಬೇರೆ. ಬಸ್ಸಿನ ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುವುದು ನಮ್ಮ ಮೇಲಿನ ಸಿಟ್ಟಿನಿಂದಲ್ಲವಲ್ಲ.

ಆದರೆ ಇವಳು ಅಲ್ಲೇ ಇಳಿದುಬಿಟ್ಟಳು. ಕ್ಲಾಸಿನಲ್ಲಿ ಬಾಯಿ ಬಿಡುವುದು ನಿಂತಿತು. ಅಷ್ಟೇ ಆಗಿದ್ದರೆ ಒಳ್ಳೆ ಸಂಕೋಚದ ಹುಡುಗಿ ಎಂದುಕೊಂಡು ನಾನೂ ಸುಮ್ಮನಿರುತ್ತಿದ್ದೆ. ಮನೆಯಲ್ಲೂ ಏನು ಕೇಳಿದರೂ "ಗೊತ್ತಿಲ್ಲ" ಶುರುವಾಯಿತು. ಸಾರಿಗೆ ಉಪ್ಪು ಸಾಕಾ ಎಂದರೆ ಗೊತ್ತಿಲ್ಲ. ಯಾವ ಲಂಗ ಹಾಕ್ಕೋತೀಯ ಎಂದರೆ ಗೊತ್ತಿಲ್ಲ. ತನ್ನ ನಾಲಿಗೆಯ ಮೇಲಿನ ಉಪ್ಪನ್ನೂ ನಂಬದ ಮಗುವನ್ನು ನೋಡುತ್ತಾ ಇರುವುದು ಸುಲಭವಲ್ಲ.

ಈ ವರ್ಷ ವಿಜ್ಞಾನಕ್ಕೆ ಸುಮಿತ್ರಾ ಎನ್ನುವ ಹೊಸ ಮೇಡಂ ಬಂದರು. ಅವರೆಕಾಯಿ ಕಾಲ. ನಮ್ಮ ಮನೆಯಲ್ಲಿ ದಿನವೂ ಸಂಜೆ ಕಾಯಿ ಸುಲಿಯುವುದು, ನೆನೆಹಾಕುವುದು, ಬೆಳಿಗ್ಗೆ ಹಿತಕುವುದು. ಬೆರಳಿಂದ ಸೊಗಡು ಹೋಗುವುದೇ ಇಲ್ಲ. ಅದೇ ಹೊತ್ತಿಗೆ ಕ್ಲಾಸಿನಲ್ಲಿ ಬೀಜದ ಪಾಠ. ನೆನೆಹಾಕಿದ ಕಾಳಿನೊಳಗೆ ನೀರು ಎಲ್ಲಿಂದ ಹೋಗುತ್ತದೆ ಎಂದು ಮೇಡಂ ಕೇಳಿದರು. ಎಲ್ಲರೂ "ಸಿಪ್ಪೆಯಿಂದ" ಎಂದರು. ಇವಳು ತನ್ನಷ್ಟಕ್ಕೆ "ಬಾಯಿಂದ" ಎಂದು ಗೊಣಗಿದ್ದು ಮೇಡಂ ಕಿವಿಗೆ ಬಿತ್ತು.

"ಕಾಳಿಗೆ ಹಲ್ಲೂ ಇದ್ಯೇನೇ?" ಎಂದು ಹಿಂದಿನ ಬೆಂಚಿನವರು ನಕ್ಕರಂತೆ.

ಮೇಡಂ ನಗಲಿಲ್ಲ, ತಿದ್ದಲೂ ಇಲ್ಲ. "ಯಾವ ಬಾಯಿ ಭೂಮಿಕಾ? ನೀನೆಲ್ಲಿ ನೋಡ್ದೆ?" ಎಂದರು.

"ಅವರೆಕಾಳಿಗೆ ಒಂದು ಕಡೆ ಬಿಳೀ ಗೆರೆ ಇರತ್ತಲ್ಲ ಮಿಸ್, ತುಟಿ ಥರ. ಅದು."

"ಸರಿ. ಆ ಬಾಯಿ ಮುಚ್ಚಿಬಿಟ್ರೆ ಕಾಳು ಊದಬಾರದು ಅಲ್ವಾ? ಯಾವುದ್ರಿಂದ ಮುಚ್ಚೋಣ?"

ನಕ್ಕವರೇ ಈಗ ಗೋಂದು, ಮೇಣದ ಬತ್ತಿ, ನೇಲ್ ಪಾಲಿಶ್ ಎಂದು ಕೂಗತೊಡಗಿದರು. ಮನೆಯಲ್ಲಿ ಮಾಡಿ ನೋಡಿಕೊಂಡು ಬಾ ಎಂದು ಮೇಡಂ ಇವಳಿಗೇ ಒಪ್ಪಿಸಿದರು.

ಮಹಡಿ ಮೇಲಿನ ರೇಖಾ ಅವರ ಮನೆಯಿಂದ ಕೆಂಪು ನೇಲ್ ಪಾಲಿಶ್ ಬಂತು. ಒಂದು ಹಿಡಿ ಒಣ ಅವರೆಕಾಳಿನ ಬಿಳಿ ಗೆರೆಗಳಿಗೆಲ್ಲ ಹಚ್ಚಿ ಒಣಗಿಸಿದೆವು. ಬ್ಯಾಂಕಿನಿಂದ ಬಂದ ನಮ್ಮ ಯಜಮಾನರು ತಟ್ಟೆ ನೋಡಿ, "ಏನ್ರಮ್ಮಾ, ಕಾಳಿಗೆಲ್ಲ ಲಿಪ್‌ಸ್ಟಿಕ್ ಹಚ್ಚಿದೀರಿ, ಹುಳಿಗೋ ಆರತಕ್ಷತೆಗೋ?" ಎಂದರು. ಬಣ್ಣ ಹಚ್ಚಿದ್ದು ಒಂದು ಬಟ್ಟಲಿಗೆ, ಹಚ್ಚದ್ದು ಇನ್ನೊಂದಕ್ಕೆ, ಎರಡಕ್ಕೂ ನೀರು. ಉತ್ತರ ಹೇಳಿ ಮುಗಿಸಿಬಿಡೋಣ ಎಂದು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಮದುವೆಯಾದಾಗಿನಿಂದ ಕಾಳು ಹಿತಕುತ್ತಿರುವ ನನಗೂ ಉತ್ತರ ಗೊತ್ತಿರಲಿಲ್ಲ! ಅಜ್ಞಾನವೂ ಒಮ್ಮೊಮ್ಮೆ ದೇವರ ದಯೆಯೇ.

ಬೆಳಿಗ್ಗೆ ನೋಡಿದರೆ ಬಣ್ಣವಿಲ್ಲದ ಕಾಳು ದುಂಡಗೆ ಊದಿತ್ತು. ಬಣ್ಣ ಹಚ್ಚಿದ್ದರಲ್ಲಿ ಬಹಳಷ್ಟು ಗಟ್ಟಿಯಾಗೇ ಇದ್ದವು. ಆದರೆ ಕೆಲವು ಸುಕ್ಕುಗಟ್ಟಿದ್ದವು, ನಾಲ್ಕಾರು ಊದಿಯೂ ಇದ್ದವು. ಇವತ್ತು ಮತ್ತೆ ನಕ್ಕರೆ ಈ ಹುಡುಗಿ ಇನ್ನು ಬಾಯಿ ತೆರೆಯುವುದಿಲ್ಲ.

"ಊದಿರೋದನ್ನ ತೆಗೆದು ಹುಳಿಗೆ ಹಾಕ್ಬಿಡ್ತೀನಿ ಕಣೇ, ಯಾರಿಗೆ ಗೊತ್ತಾಗತ್ತೆ?" ಎಂದೆ. ಮಡಿಯುಟ್ಟು ದೇವರಿಗೆ ಹೂವು ಏರಿಸುತ್ತಲೇ ಕೊಟ್ಟ ಸಲಹೆ ಇದು. ನೇಲ್ ಪಾಲಿಶ್ ಹಚ್ಚಿದ ಕಾಳನ್ನು ಯಾರೂ ತಿನ್ನುವಂತಿಲ್ಲ ಎಂಬುದೂ ಹೊಳೆಯಲಿಲ್ಲ.

"ಅಯ್ಯೋ ಬೇಡಮ್ಮ, ಅವೇ ಮುಖ್ಯ. ನಾವಂದ್ಕೊಂಡ ಹಾಗೆ ಆಗದೇ ಇರೋದನ್ನ ಮೊದಲು ತೋರಿಸ್ಬೇಕು ಅಂದಿದಾರೆ ಮಿಸ್." ಡಬ್ಬಿಗೆ ಎಲ್ಲವನ್ನೂ ತುಂಬಿಕೊಂಡು ಹೊರಟಳು.

ಆ ದಿನ ನಾನು ವಿಷ್ಣು ಸಹಸ್ರನಾಮವನ್ನು ಎಲ್ಲಿ ಬಿಟ್ಟೆ, ಎಲ್ಲಿ ಹಿಡಿದೆ ಎಂದು ಆ ವಿಷ್ಣುವೇ ಬಲ್ಲ. ಸಾಯಂಕಾಲ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು: "ಒಬ್ಳು ಪಾಲಿಶ್ ಬಿರುಕು ಬಿಟ್ಟಿದೆ ಅಂದ್ಲು. ಇನ್ನೊಬ್ಬ ಸಿಪ್ಪೆಯಿಂದ್ಲೇ ಹೋಗಿದೆ ಅಂದ. ನಾನಂದೆ, ಬಾಯಿಂದ ಬೇಗ ಕುಡಿಯತ್ತೆ, ಸಿಪ್ಪೆಯಿಂದ ನಿಧಾನಕ್ಕೆ ಕುಡಿಯತ್ತೆ ಅನ್ಸತ್ತೆ ಅಂತ. ನಾಳೆ ಸಿಪ್ಪೆ ಪೂರ್ತಿ ಪಾಲಿಶ್ ಹಚ್ಚಿ ನೋಡೋದು." ತನ್ನ ಉತ್ತರವನ್ನು ತಾನೇ ಬಿಚ್ಚಿ, ಅಳತೆ ಸರಿಮಾಡಿ, ಮತ್ತೆ ಹೊಲಿದುಕೊಂಡಿದ್ದಳು. ಯಾರೂ ಅವಳ ಕೈಯಿಂದ ಕಿತ್ತುಕೊಂಡಿರಲಿಲ್ಲ.

ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಮೇಡಂ ಅವರನ್ನು ಕೇಳಿಯೇಬಿಟ್ಟೆ: "ಒಂದು ಮಾತಿಗೆ ಅಷ್ಟು ಹೊತ್ತು ಕೊಟ್ರಲ್ಲ, ಪಾಠ ಹಿಂದೆ ಬೀಳಲ್ವಾ?"

"ಬೀಳತ್ತೆ ಕಣ್ರೀ, ಬೈಸ್ಕೋತೀನಿ" ಎಂದು ನಕ್ಕರು. "ಏನ್ಮಾಡೋದು, ಇವಳು ಕಾಳನ್ನ ನೋಡಿ ಮಾತಾಡ್ತಿದಾಳೆ ಅನ್ನಿಸ್ತು. ಎಷ್ಟೋ ಸಲ ನನಗೂ ಕೇಳಿಸಲ್ಲ. ಅವತ್ತು ಕೇಳಿಸ್ತು."

ಇಷ್ಟು ಸರಳವಾಗಿ ಹೇಳಿದರು. ನಮ್ಮ ಪುರಾಣ ಪ್ರವಚನಗಳಲ್ಲಿ ಬರುವ ಗುರುಗಳೂ ಹೀಗೇ. ಶಿಷ್ಯ ಅರ್ಧ ಉತ್ತರ ತಂದರೆ ಓಡಿಸುವುದಿಲ್ಲ, ಪೂರ್ತಿ ಉತ್ತರವನ್ನು ಕೈಗೆ ತುರುಕುವುದೂ ಇಲ್ಲ. ಇನ್ನೂ ಸ್ವಲ್ಪ ಯೋಚಿಸಿ ಬಾ ಎನ್ನುತ್ತಾರೆ. ಪ್ರವಚನ ಕೇಳಿ ತಲೆದೂಗಿ ಮನೆಗೆ ಬಂದು, ಮಗು ಬಾಯಿ ತೆರೆಯುವ ಮೊದಲೇ ತಿದ್ದುವವಳು ನಾನು. ಈಗ ತಡೆದುಕೊಳ್ಳುವುದು ಕಲಿಯುತ್ತಿದ್ದೇನೆ. ಏಕಾದಶಿ ಉಪವಾಸಕ್ಕಿಂತ ಕಷ್ಟ.

ಮೊನ್ನೆ ಸಾಯಂಕಾಲ ಚೀಲ ಎಸೆದು ಅಡುಗೆಮನೆಗೆ ನುಗ್ಗಿದಳು. "ಅಮ್ಮಾ, ಅಯಸ್ಕಾಂತದ ಬಗ್ಗೆ ಇವತ್ತು ನಾನು ಹೇಳಿದ್ದು ಪೂರ್ತಿ ರಾಂಗು!"

"ನಕ್ರೇನೇ?"

"ನಕ್ರು. ನಾನೂ ನಕ್ಕೆ. ಆಮೇಲೆ ಯಾಕೆ ಹಾಗನ್ನಿಸ್ತು ಅಂತ ಮಿಸ್ ಕೇಳಿದ್ರು, ಹೇಳ್ದೆ. ತಿನ್ನಕ್ಕೇನಿದೆ?"

ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದೆ. ಯಜಮಾನರು ಬಂದವರೇ ದೀಪ ನೋಡಿ ಏನು ವಿಶೇಷ ಎಂದರು. "ಇವಳು ಇವತ್ತು ಕ್ಲಾಸಲ್ಲಿ ಎದ್ದು ನಿಂತು ತಪ್ಪು ಉತ್ತರ ಹೇಳಿದಾಳೆ" ಎಂದೆ.

ಅವರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಹಾಗಾದ್ರೆ ಪಾಯಸಾನೂ ಮಾಡ್ಬಿಡು" ಎಂದರು.

ಮಾಡಿದೆ.