ಪರೀಕ್ಷೆಯ ದಿನಗಳಲ್ಲಿ ನಿಂತ ಅಕ್ಕಿ ಮಿಲ್ಲು

ಉದ್ಯಮದ ಸಾಮಾಜಿಕ ಜವಾಬ್ದಾರಿ ಅಂದರೆ ಸಾಲಿಗ್ರಾಮದ ಕಡೆಯ ನಮ್ಮೂರಲ್ಲಿ ಎಲ್ಲರೂ ತೋರಿಸುವುದು ದೊಡ್ಡ ಕಂಪನಿಯೊಂದು ಹೈಸ್ಕೂಲಿಗೆ ಕೊಟ್ಟ ಕಂಪ್ಯೂಟರುಗಳನ್ನು. ನಾನು ಒಪ್ಪುವುದಿಲ್ಲ. ನನ್ನ ವಾದಕ್ಕೆ ಶಾಲೆಯ ಗೋಡೆಗೆ ಅಂಟಿಕೊಂಡಿರುವ ಅಕ್ಕಿ ಮಿಲ್ಲಿನ ಯಜಮಾನರೇ ಸಾಕು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಕಣ್ಣು ಕಾಣದ ಪಕ್ಕದ ಮನೆಯ ಅಕ್ಕನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದುಕೊಟ್ಟವಳು ನಾನು. ಅವಳು ಉತ್ತರ ಹೇಳಬೇಕು, ನಾನು ಬರೆಯಬೇಕು. ಫೇಲಾದರೆ ಓದು ಅಲ್ಲಿಗೇ ಮುಗೀತು ಅಂತ ಅವರಪ್ಪ ಹೇಳಿಬಿಟ್ಟಿದ್ದರು. ಮೊದಲ ದಿನವೇ ಮಿಲ್ಲಿನ ಸದ್ದಿಗೆ ಅವಳ ಮಾತು ಕೇಳಿಸಲಿಲ್ಲ. ಕೂಗಿ ಹೇಳಿದರೆ ಉತ್ತರ ಪಕ್ಕದ ಕೋಣೆಗೂ ಹೋಗುತ್ತಿತ್ತು.

ಮೇಷ್ಟ್ರು ಹೋಗಿ ವಿಷಯ ತಿಳಿಸಿದರು. ಯಜಮಾನರು “ಎಷ್ಟೊತ್ತು?” ಅಂತಷ್ಟೇ ಕೇಳಿ ಮಿಲ್ಲು ನಿಲ್ಲಿಸಿದರು. ಭತ್ತ ತಂದಿದ್ದ ರೈತರೊಬ್ಬರು ರೇಗಿಸಿದ್ದು ಕಿಟಕಿಯಿಂದ ಕೇಳಿಸಿತು.

“ಏನ್ ಯಜಮಾನ್ರೆ, ಮಿಲ್ಲಿಗೂ ನಿದ್ದೆ ಬಂತಾ?”

“ಒಂದೆಣ್ಮಗ ಪರೀಕ್ಸೆ ಬರೀತಾವ್ಳೆ, ಕೂತ್ಕೊ ಕಣಯ್ಯ. ನಿನ್ ಭತ್ತ ಎದ್ದು ಓಡೋಗಕಿಲ್ಲ.”

ಮುಂದಿನ ಪರೀಕ್ಷೆಗಳಿಗೆ ಯಾರೂ ಹೋಗಿ ಕೇಳಬೇಕಾಗಲಿಲ್ಲ. ಬೆಲ್ ಹೊಡೆಯುವ ಮೊದಲೇ ಮಿಲ್ಲು ನಿಂತಿರುತ್ತಿತ್ತು. ಅಕ್ಕ ಪಾಸಾದಳು. ಇದಕ್ಕೊಂದು ಬೋರ್ಡು ಹಾಕಿಸುವ ಯೋಚನೆ ಅವರಿಗೆ ಬಂದಿರಲಿಕ್ಕೂ ಇಲ್ಲ. ಇವತ್ತಿಗೂ ಅವರು ಎದುರಾದರೆ ನನ್ನ ಕೈ ತಾನಾಗಿ ಮುಗಿಯುತ್ತದೆ.

ಆದರೂ ಮೊನ್ನೆ ಕೇಳಿಯೇಬಿಟ್ಟೆ: “ಯಜಮಾನ್ರೆ, ಅಕ್ಕ ಕಿವೀಲೇ ಕಲಿತೋಳು. ಪರೀಕ್ಷೆಗೆ ಮುಂಚಿನ ಮೂರು ವರ್ಷ ಮಿಲ್ಲು ದಿನಾ ಓಡ್ತಾನೇ ಇತ್ತಲ್ಲ, ಅದೇ ಗೋಡೆ ಪಕ್ಕ ಕೂತು ಪಾಠ ಹೆಂಗ್ ಕೇಳಿಸ್ಕೊಂಡ್ಲು?”