ಅಜ್ಜಿಯ ಬೆಳ್ಳಿ ಪದಕ

ಯಲ್ಲಾಪುರ. ಅಜ್ಜಿಯ ತವರು ಯಾವುದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಕೊನೆಯವರೆಗೂ ಕೊರಳಿನಿಂದ ತೆಗೆಯದ, ಸವೆದ ಹೆಣ್ಣುಗೊಂಬೆ ಮೂಡಿದ್ದ ಪದಕವನ್ನು, ಸುಳಿವು ಸಿಕ್ಕೀತೆಂದು, ಹೆದ್ದಾರಿ ಬದಿಯ ಮುದಿ ಅಕ್ಕಸಾಲಿಗನ ಮುಂದಿಟ್ಟೆ.

“ಈ ದೇವಿ ಯಾವ ಊರಿನದು?”

“ಎಂತ ದೇವಿ ಮಾರಾಯ್ತಿ! ಸತ್ತ ಸವತಿ ಇದು. ಕಾಡದೇ ಇರ್ಲಿ ಅಂತ ಎರಡನೇ ಹೆಂಡ್ತಿ ಕೊರಳಿಗೆ ಕಟ್ತಿದ್ರು.” ಭೂತಗನ್ನಡಿ ಹಿಡಿದ. “ಅಲ್ಲ, ಇಲ್ಲಿ ಇಬ್ರಿದ್ದಾರೆ. ನಿನ್ನಜ್ಜಿ ಮೂರನೆಯವ್ಳು.”

ಅಜ್ಜಿ ಹೊಸ ಸೀರೆ ಉಡುವ ಮುನ್ನ ಅದನ್ನು ಪದಕಕ್ಕೆ ತಾಗಿಸುತ್ತಿದ್ದಳು. ಆಗ ಅವಳ ಮುಖದಲ್ಲಿ ಭಕ್ತಿ ಕಂಡದ್ದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ತಿಳಿಯದು.

ತವರಿನ ಬಗ್ಗೆ ಮತ್ತೆ ಕೇಳಿದೆ. ಅವನು ಗೊತ್ತಿಲ್ಲವೆಂದು ತಲೆಯಾಡಿಸಿ, ಎರಡು ಗೊಂಬೆಗಳ ಪಕ್ಕದ ಖಾಲಿ ಬೆಳ್ಳಿಯ ಮೇಲೆ ಉಗುರಿಟ್ಟ.

“ಮೂರನೆಯವ್ಳಿಗೂ ಜಾಗ ಬಿಟ್ಟೇ ಮಾಡಿದ್ದಾರೆ, ನೋಡು.”