ಉರಿದರೆ ಶುದ್ಧವೆಂದುಕೊಂಡ ಗಾಯ

ನನ್ನ ಬಲಗಾಲಿನ ಹೆಬ್ಬೆರಳ ಗಾಯಕ್ಕೆ ಎರಡು ತಿಂಗಳು ತುಂಬಿದ ದಿನ ಡಾಕ್ಟರು ಹೇಳಿದರು: ಇನ್ನೆರಡು ವಾರದಲ್ಲಿ ಮಾಂಸ ಚಿಗುರದಿದ್ದರೆ ಬೆರಳನ್ನೇ ತೆಗೆಯಬೇಕಾದೀತು. ಸಕ್ಕರೆ ಕಾಯಿಲೆ ನನಗೆ ಹಳೆಯದು. ಫುಟ್‌ಪಾತಿನ ಒಡೆದ ಚಪ್ಪಡಿಯೊಂದರ ಫೋಟೋ ತೆಗೆದು ದೂರು ಬರೆಯಬೇಕೆಂದು ಮುಂದಡಿಯಿಟ್ಟಾಗ ಇನ್ನೊಂದು ಒಡೆದ ಚಪ್ಪಡಿಗೆ ಎಡವಿದ್ದೆ. ದೂರು ಸಲ್ಲಿಸಿದೆ, ಸ್ವೀಕೃತಿಯೂ ಬಂತು. ಚಪ್ಪಡಿ ಹಾಗೆಯೇ ಉಳಿಯಿತು, ಗಾಯವೂ ಉಳಿಯಿತು.

ಡ್ರೆಸ್ಸಿಂಗಿಗೆಂದು ದಿನ ಬಿಟ್ಟು ದಿನ ಕಾಟಿಪಳ್ಳದ ಮನೆಯಿಂದ ಫಳ್ನೀರಿನ ಕ್ಲಿನಿಕ್ಕಿಗೆ ಬಸ್ಸು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ. ಯಾರ ಕಾಲನ್ನು ಅಳೆದು ಮಾಡಿದ್ದೋ. ಕೂಳೂರು ಸೇತುವೆಯ ಬಳಿ ವಾಹನಗಳ ಸಾಲು ನಿಂತರೆ, ಇಳಿಬಿಟ್ಟ ಕಾಲು ಬಾತು ಬಿಗಿಯುತ್ತದೆ. ಕ್ಲಿನಿಕ್ಕಿಗೆ ಮೂರು ಮೆಟ್ಟಿಲು, ಇಳಿಜಾರಿನ ದಾರಿಯಿಲ್ಲ. ದಿನವಿಡೀ ನಿಂತೇ ಕೆಲಸ ಮಾಡುವ ನರ್ಸಿಗೆ ಕೂರಲು ಒಂದು ಸ್ಟೂಲೂ ಇಲ್ಲ. ಹಿಂದೆ ಇಂಥವನ್ನೆಲ್ಲ ಅಂದೇ ಬರೆದು ಕಳಿಸುತ್ತಿದ್ದೆ. ಈಗ ಮನಸ್ಸಿನಲ್ಲೇ ಬರೆದು ಮನಸ್ಸಿನಲ್ಲೇ ದಣಿಯುತ್ತೇನೆ.

ಡಾಕ್ಟರು ಎಚ್ಚರಿಸಿದ ಆ ದಿನವೇ ಗಾಯದ ಅಂಚು ಬೆಳ್ಳಗೆ ಸತ್ತಂತಿರುವುದನ್ನು ಕಂಡು ನರ್ಸ್ ಕೇಳಿದಳು, "ಟೀಚರೇ, ನಾವು ಕಟ್ಟಿದ್ದನ್ನು ಮನೆಯಲ್ಲಿ ಬಿಚ್ತೀರಾ? ಎಂತ ಹಾಕ್ತೀರಿ ಇದಕ್ಕೆ?"

"ಗಾಯ ತೊಳೆಯುವ ಕ್ರಿಮಿನಾಶಕ ದ್ರವ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನೀರು ಬೆರೆಸುವುದಿಲ್ಲ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನೀರು ಹಾಕದೆಯಾ? ನಾವು ನೆಲಕ್ಕೆ ಫಿನಾಯಿಲ್ ಹಾಕುವಾಗ್ಲೂ ನೀರು ಹಾಕ್ತೇವೆ ಮಾರಾಯ್ರೇ."

"ಉರಿಯುತ್ತಿತ್ತು. ಶುದ್ಧ ಆಗ್ತಾ ಉಂಟು ಅಂದುಕೊಂಡೆ."

"ಉರಿದ್ರೆ ಸಾಯುದು ಕ್ರಿಮಿ ಮಾತ್ರವಾ? ಡಾಕ್ಟ್ರೇ, ಒಮ್ಮೆ ಬನ್ನಿ. ಟೀಚರಿಗೆ ಪಾಠ ಉಂಟು."

ಡಾಕ್ಟರಿಗೆ ನನ್ನ ವಿದ್ಯಾರ್ಥಿನಿಯರ ವಯಸ್ಸು. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಚರ್ಮ, ಯಕೃತ್ತು, ಶ್ವಾಸಕೋಶ, ಹೀಗೆ ಎಲ್ಲೆಡೆಯೂ ರೋಗನಿರೋಧಕ ಕೋಶಗಳು ಮನೆಮಾಡಿಕೊಂಡಿರುತ್ತವೆ. ಕಾಯಿಲೆ ಇಲ್ಲದ ದಿನವೂ ಅವಕ್ಕೆ ಕೆಲಸವಿದೆ: ಆಯುಸ್ಸು ಮುಗಿದ ಕೋಶಗಳನ್ನು ನುಂಗಿ ಜಾಗ ತೆರವುಗೊಳಿಸುವುದು. ಗಾಯವಾದರೆ ಇನ್ನಷ್ಟು ಕೋಶಗಳು ರಕ್ತದಿಂದ ಬಂದು ಸೇರುತ್ತವೆ. ಮೊದಲು ಕ್ರಿಮಿಗಳೊಡನೆ ಕಾದಾಡಿ, ಆಮೇಲೆ ರೀತಿ ಬದಲಿಸಿ, ಹೊಸ ರಕ್ತನಾಳಕ್ಕೆ, ಹೊಸ ಮಾಂಸಕ್ಕೆ ಸಂಕೇತ ಕೊಡುತ್ತವೆ.

"ಸಕ್ಕರೆ ಹೆಚ್ಚಿದ್ರೆ ಈ ಬದಲಾವಣೆ ಸರಿಯಾಗಿ ಆಗುದಿಲ್ಲ. ಉರಿಯೂತ ಹಾಗೇ ಉಳೀತದೆ," ಎಂದರು. "ಅದರ ಮೇಲೆ ನೀವು ದಿನಕ್ಕೆರಡು ಸಲ ಅವುಗಳನ್ನೂ ಹೊಸ ಮಾಂಸವನ್ನೂ ಕೊಲ್ತಾ ಇದ್ದೀರಿ."

"ಹಾಗಾದರೆ ನಾನು ಮಾಡಬೇಕಾದದ್ದೇನು?"

"ಇನ್ಸುಲಿನ್ ತಪ್ಪಿಸಬೇಡಿ. ಕಾಲು ಮೇಲಿಟ್ಟು ಕೂತ್ಕೊಳ್ಳಿ. ಬ್ಯಾಂಡೇಜ್ ಬಿಚ್ಚಬೇಡಿ. ಅಷ್ಟೇ."

ದೇಹದಿಂದ ನೀತಿಪಾಠ ತೆಗೆಯುವುದು ನನಗೆ ಒಗ್ಗುವುದಿಲ್ಲ. 'ಹೋರಾಟ ಸಾಕು, ಈಗ ಸಮಾಧಾನ' ಎಂದು ನನಗೆ ಹೇಳಿದವರೆಲ್ಲ ಕುರ್ಚಿಯ ಮೇಲಿದ್ದವರೇ. ನನ್ನ ಕಾಲಿನ ಕೋಶಗಳನ್ನು ಅವರ ಪರವಾಗಿ ಸಾಕ್ಷಿಗೆ ಕರೆಯಲಾರೆ. ಆದರೆ ತಪ್ಪು ಯಾರದಾದರೂ ಹೆಸರು ಹಿಡಿದು ಹೇಳಬೇಕೆಂದು ಮೂವತ್ತು ವರ್ಷ ತರಗತಿಯಲ್ಲಿ ಕಲಿಸಿದವಳು ನಾನು. ಈ ತಪ್ಪು ನನ್ನದು. ಅಜ್ಞಾನದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದೆ.

ಮರುವಾರ ಬಸ್ಸಿನ ಮೆಟ್ಟಿಲುಗಳ ಬಗ್ಗೆ ಅಹವಾಲು ಸಭೆಯಿತ್ತು. ನಾನೇ ಪಟ್ಟುಹಿಡಿದು ಕರೆಸಿದ ಸಭೆ. ಬರಲಾಗುವುದಿಲ್ಲವೆಂದು ತಿಳಿಸಿ, ಮನೆಯಲ್ಲೇ ಹೆದ್ದಾರಿಯ ಸದ್ದು ಕೇಳುತ್ತ, ದಿಂಬಿನ ಮೇಲಿನ ಕಾಲನ್ನು ನೋಡುತ್ತ ಕುಳಿತೆ. ಒಳಗೆ ಏನು ನಡೆಯುತ್ತಿದೆಯೋ ಕಾಣದು. ಮನವಿ ಸಲ್ಲಿಸಲು ಕಚೇರಿಯಿಲ್ಲ, ವಿಳಂಬವನ್ನು ಪ್ರಶ್ನಿಸಲು ಮೇಲಧಿಕಾರಿಯಿಲ್ಲ. ಎಷ್ಟೋ ಧರಣಿಗಳಲ್ಲಿ ಬಿಸಿಲಿಗೆ ಕುಳಿತಿದ್ದೇನೆ, ಈ ಕೂರುವಿಕೆಯಷ್ಟು ಆಯಾಸ ಯಾವುದೂ ತಂದಿರಲಿಲ್ಲ. ಸಭೆಯಲ್ಲಿ ಮೆಟ್ಟಿಲಿನ ವಿಷಯವನ್ನು ಮುಂದೂಡಿದರಂತೆ.

ಎರಡು ವಾರ ಮುಗಿದ ದಿನ ನರ್ಸ್ ಬ್ಯಾಂಡೇಜಿನ ಕೊನೆಯ ಪದರ ತೆಗೆದಳು. ಬಟ್ಟೆಗೆ ರಕ್ತ ಅಂಟಿತ್ತು.

"ರಕ್ತ ಬರ್ತಾ ಉಂಟಲ್ಲ," ಎಂದೆ.

"ಬರ್ಲಿ ಟೀಚರೇ. ಇಷ್ಟು ದಿನ ಬರ್ಲಿಕ್ಕೆ ಅಲ್ಲಿ ಎಂತ ಇತ್ತು?"

ಡಾಕ್ಟರು ಬಗ್ಗಿ ನೋಡಿದರು. ಗಾಯದ ತಳದಲ್ಲಿ ಕೆಂಪು ಹರಳಿನಂಥ ಹೊಸ ಮಾಂಸ ಕಾಣುತ್ತಿತ್ತು. ಬೆರಳು ತೆಗೆಯುವ ಅಗತ್ಯವಿಲ್ಲ, ಹೀಗೆಯೇ ಮುಂದುವರಿಸಿ ಎಂದರು. ಸಂತೋಷಪಡಬೇಕಿತ್ತು. ಎರಡು ವಾರದ ದಣಿವೇ ಮುಂದೆ ಬಂತು, ಬೆಂಚಿನಲ್ಲೇ ಕೂತೆ.

"ಎಂತ, ಮನೆಗೆ ಹೋಗುದಿಲ್ವಾ?" ಎಂದಳು ನರ್ಸ್.

"ಸ್ವಲ್ಪ ಹೊತ್ತು ಕೂರ್ತೇನೆ," ಎಂದೆ, ಬೆಂಚಿನಲ್ಲಿ ಪಕ್ಕಕ್ಕೆ ಸರಿದು. "ನೀನೂ ಬಾ, ಕೂತ್ಕೋ."